'ಓದಲು ನಿರಾಕರಿಸಿದ್ದಾರೆ'

"ನನ್ನ ಅರ್ಜಿ ಓದೋದಕ್ಕೂ ಲಾಯಕ್ಕಿಲ್ವಾ ರೀ?"

ಬಾಗಿಲು ತಟ್ಟದೆಯೇ ಒಳಗೆ ನುಗ್ಗಿದ್ದಳು ಅವಳು. ಮೇಜಿನ ಹಿಂದಿದ್ದವನು ಗಾಬರಿಯಿಂದ ಎದ್ದು ನಿಂತ. ಅವಳು ಅರ್ಜಿ ಹಾಕಿದ್ದ ಸಂಶೋಧನಾ ಫೆಲೋಶಿಪ್ಪಿನಲ್ಲೇ ಪಿಎಚ್‌ಡಿ ಮುಗಿಸಿ, ಈಗ ಆಯ್ಕೆ ಸಮಿತಿಯ ಕಿರಿಯ ಸದಸ್ಯನಾಗಿದ್ದವನು. ಎಲ್ಲರ ಬಾಯಲ್ಲೂ ಮರಿ ಮೇಷ್ಟ್ರು.

ಅವಳ ಫೋನಿನಲ್ಲಿ ಒಂದೇ ಸಾಲು: 'ಕಿರಿಯ ಸದಸ್ಯರು ಈ ಅರ್ಜಿಯನ್ನು ಓದಲು ನಿರಾಕರಿಸಿದ್ದಾರೆ.'

"ಅದು... ಹಾಗಲ್ಲ..."

"ಮತ್ತೆ ಹೇಗೆ? ಯಾವ ಬೀದಿಗೆ ನೀರು ಮೊದಲು ಬರುತ್ತೆ, ಯಾವುದಕ್ಕೆ ಕೊನೆಗೆ, ಅದನ್ನ ಯಾರು ತೀರ್ಮಾನ ಮಾಡ್ತಾರೆ ಅಂತ ಎರಡು ವರ್ಷ ಕೊಡ ಹಿಡಿದವರ ಜೊತೆ ಸಾಲಲ್ಲಿ ನಿಂತು ಬರ್ಕೊಂಡಿದ್ದೀನಿ! ರಾಜಕೀಯ ಅರ್ಥಶಾಸ್ತ್ರ ಅಂದ್ರೆ ಇದಲ್ದೆ ಇನ್ನೇನು? ನನ್ನ ಸೆಮಿನಾರಲ್ಲಿ ಮುಂದೆ ಕೂತು ತಲೆ ಆಡಿಸ್ತಿದ್ರಲ್ಲ, ಅದೆಲ್ಲ ನಾಟಕನಾ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸತೊಡಗಿದ. ಅಯ್ಯೋ ಪುಣ್ಯಾತ್ಮ, ಆಗಲೇ ಒಂದು ಮಾತು ಆಡಬಾರದಿತ್ತೇ!

ಅವಳು ದಡದಡನೆ ಮೆಟ್ಟಿಲಿಳಿದಳು. ಕಣ್ಣು ತುಂಬಿತ್ತು. ಸಮಿತಿಯ ಮೂವರಲ್ಲಿ ಒಬ್ಬರು ಅಂಕ ಕೊಡದಿದ್ದರೂ ಅರ್ಜಿ ಬಿದ್ದುಹೋಗುತ್ತದೆ. ಫೆಲೋಶಿಪ್ ಸಿಗದಿದ್ದರೆ ಸೋಮವಾರದಿಂದ ಮತ್ತೆ ಕಾಲ್ ಸೆಂಟರ್. ಸಂಶೋಧನೆಗೆ ಎಳ್ಳುನೀರು ಬಿಟ್ಟಂತೆಯೇ.

'ಬೇರೆ ಯಾರು ಹೀಗೆ ಮಾಡಿದ್ರೂ ಸಹಿಸ್ಕೊಳ್ತಿದ್ದೆ... ಇವರೇ ಮಾಡಿದ್ರಲ್ಲ!' ಅವಳಿಗೆ ಹೆಚ್ಚು ನೋವಾಗಿದ್ದೇ ಅದು. ಯಾಕೆ ಅಂತ ಅವಳಿಗೂ ಗೊತ್ತಿತ್ತು.

ಕೆಳಗಿನ ಕಚೇರಿಯಲ್ಲಿ ಸೀಲಕ್ಕ ಕೂತಿದ್ದರು. ಸಿಕ್ಕ ಕಾಗದಕ್ಕೆಲ್ಲ ಸೀಲು ಒತ್ತುವ ಗುಮಾಸ್ತೆಗೆ ವಿದ್ಯಾರ್ಥಿಗಳೇ ಇಟ್ಟ ಹೆಸರು.

"ಅಕ್ಕಾ, ನನ್ನ ಅರ್ಜಿ ವಾಪಸ್ ಕೊಡಿ."

"ತಲೆ ಕೆಟ್ಟಿದೆಯೇನೇ? ಬದಲಿ ಸದಸ್ಯರನ್ನ ಹಾಕಿ ಅಂತ ಮರಿ ಮೇಷ್ಟ್ರು ಅಧ್ಯಕ್ಷರ ಪ್ರಾಣ ತಿಂದ್ರು. ಹೊಸಬರು ಓದಿ ಅಂಕನೂ ಕೊಟ್ಟಾಯ್ತು. ಪಟ್ಟೀಲಿ ಮೊದಲನೇ ಹೆಸರೇ ನಿಂದು!"

ಅವಳು ಬೆಂಚಿನ ಮೇಲೆ ಕುಸಿದು ಕೂತಳು. "ಹಾಗಾದ್ರೆ... ಅವರು ಯಾಕೆ ಓದಲಿಲ್ಲ?"

"ನಾನಾಗಿ ಹೇಳೋ ಹಾಗಿಲ್ಲ. ಅರ್ಜಿ ಹಾಕಿದವರು ಕೇಳಿದ್ರೆ ಸದಸ್ಯರು ಕಾರಣ ಬರೆದ ಹಾಳೆ ತೋರಿಸ್ಬೇಕು ಅಂತ ನಿಯಮ. ಕೇಳು ಮತ್ತೆ!"

"ಕೇಳ್ತಿದ್ದೀನಿ ಅಕ್ಕಾ!"

ಸೀಲಕ್ಕ ಮುಂದೆ ಸರಿಸಿದ ಹಾಳೆಯಲ್ಲಿ 'ಅರ್ಜಿದಾರರೊಂದಿಗೆ ಸದಸ್ಯರ ಸಂಬಂಧ' ಎಂಬ ಕಲಂ. ನೆಂಟರು? ಇಲ್ಲ. ಮಾರ್ಗದರ್ಶಕರು? ಇಲ್ಲ. 'ಇತರೆ' ಎಂಬಲ್ಲಿ ಗುಂಡಗಿನ ಅಕ್ಷರದಲ್ಲಿ ಅವನು ಬರೆದಿದ್ದ: 'ಸದ್ಯಕ್ಕೆ ಏನೂ ಇಲ್ಲ. ಆಗಲಿ ಎಂಬ ಆಸೆ ಇದೆ. ಆದ್ದರಿಂದ ಅಂಕ ಕೊಡಲು ನಾನು ಅರ್ಹನಲ್ಲ.'

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ತಲೆಯೆತ್ತಿದರೆ ಬಾಗಿಲಲ್ಲಿ ಅವನೇ, ಏದುಸಿರು ಬಿಡುತ್ತಾ!

"ಪಟ್ಟಿ ಅಂಟಿಸಿ ಬರ್ತೀನಪ್ಪಾ," ಎಂದು ಸೀಲಕ್ಕ ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಮೇಲೆ ಅಷ್ಟು ಬೈದಾಗ್ಲೂ ಯಾಕ್ರೀ ಹೇಳಲಿಲ್ಲ?"

"ಹೇಳಿದ್ರೆ... ಫೆಲೋಶಿಪ್ ಬೇಕಂದ್ರೆ ಹೂಂ ಅನ್ನಲೇಬೇಕು ಅಂತ ನಿಮಗೆ ಅನ್ನಿಸಿಬಿಟ್ರೆ? ಮೊದಲು ಪಟ್ಟಿ ಆಗಲಿ ಅಂತ ಕಾದೆ. ಈಗ ನೀವು ಧೈರ್ಯವಾಗಿ ಇಲ್ಲ ಅನ್ಬಹುದು."

ಅವಳು ಅಳುತ್ತಲೇ ನಕ್ಕಳು.

"ಧೈರ್ಯವಾಗಿ ಹೂಂ ಅನ್ಬಹುದಾ?"