ಓಲಗದವನ ಮುಂದಿನ ಹಲ್ಲು

ಮಧ್ಯಾಹ್ನದ ಮೀನುಗಂಜಿ ತಲುಪಿಸಲು ಗಂಜಿಯಂಗಡಿಯ ಪೇರೊಂಗ್, ಡಾಕ್ಟರ್ ಫಾನ್ ಅವರ ಹಲ್ಲಿನ ಕ್ಲಿನಿಕ್ಕಿಗೆ ಕಾಲಿಟ್ಟಾಗ, ಬೆಂಚಿನ ಮೇಲೆ ಖುನ್‌ಮು ಕೂತಿದ್ದ. ಅವಳನ್ನು ಕಂಡದ್ದೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಅವಳಿಗೆ ಮೈಯೆಲ್ಲ ಉರಿಯಿತು. ತಾಯ್ನಾನ್ ಊರಿನ ದೇವಸ್ಥಾನಗಳ ಮೆರವಣಿಗೆಯಲ್ಲಿ ಓಲಗ ಊದುವ ಈ ಮನುಷ್ಯ ದಿನಾ ಬೆಳಿಗ್ಗೆ ಅವಳ ಅಂಗಡಿಯಲ್ಲಿ ಗಂಜಿ ಕುಡಿಯುತ್ತಿದ್ದ. ಬಟ್ಟಲ ಅಂಚಿನ ಮೇಲಿಂದ ಕದ್ದು ಕದ್ದು ಅವಳನ್ನು ನೋಡುತ್ತಿದ್ದ. ಕೊನೆಗೆ ಅವಳೇ ಧೈರ್ಯ ಮಾಡಿ, "ಚಳಿಗಾಲದ ಹಬ್ಬಕ್ಕೆ ನಮ್ಮನೇಗೆ ಬನ್ನಿ. ಅಮ್ಮ ನಿಮ್ಮನ್ನ ನೋಡ್ಬೇಕಂತೆ," ಎಂದಿದ್ದಳು. ಅವನು ಬಾಯಿಗೆ ಕೈ ಅಡ್ಡ ಹಿಡಿದು, ಒಂದು ಮಾತೂ ಆಡದೆ ಎದ್ದುಹೋಗಿದ್ದ. ಆಮೇಲೆ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ.

"ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳ್ಬೇಕು," ಎಂದಳು. "ಓಡಿಹೋಗೋದ್ಯಾಕೆ?"

ಅವನು ತಿರುಗಿದ. ಮೇಲ್ದುಟಿ ಊದಿ ಮೂಗಿನವರೆಗೂ ಬಂದಿತ್ತು.

"ನಿಮ್ಮ ಗಂಜಿ ಬಿಸಿ ಇತ್ತು. ಹಲ್ಲಿಗೆ ತಾಗಿ ಜೀವ ಹೋದ ಹಾಗಾಯ್ತು. ಮಾತು ಎಲ್ಲಿಂದ ಬರ್ಬೇಕು?"

"ಅಯ್ಯೋ, ಅವತ್ತಿಂದ ಹೀಗೇ ಇಟ್ಕೊಂಡಿದ್ದೀರಾ?"

"ಇವತ್ತು ಕೀಳಿಸ್ತೀನಿ. ಮುಂದಿನ ಹಲ್ಲು ಹೋದ್ರೆ ಓಲಗಾನೂ ಹೋಯ್ತು. ಕೆಲ್ಸ ಇಲ್ದೋನು ನಿಮ್ಮಮ್ಮನ ಮುಂದೆ ಏನಂತ ನಿಲ್ಲೋದು?"

ಬರುವ ಮನಸ್ಸು ಅವನಿಗೆ ಇತ್ತು ಎಂಬುದು ಪೇರೊಂಗ್‌ಗೆ ಆಗಲೇ ತಿಳಿದದ್ದು. ಕೈಯಲ್ಲಿದ್ದ ಗಂಜಿಯ ಡಬ್ಬಿ ಭಾರವೇ ಇಲ್ಲದಂತಾಯಿತು.

ಎಕ್ಸ್‌ರೇ ಹಿಡಿದು ಬಂದ ಡಾಕ್ಟರ್ ಫಾನ್ ಅವನ ಮಾತು ಕೇಳಿಸಿಕೊಂಡಿದ್ದರು. ಅರವತ್ತು ದಾಟಿದ, ನೇರ ಮಾತಿನ ಹೆಂಗಸು. "ಕೀಳ್ತೀನಿ ಅಂತ ನಾನು ಹೇಳಿದ್ನಾ? ಹಲ್ಲಿನ ಒಳಗಿನ ನರ ಸತ್ತು ಕೀವಾಗಿದೆ. ಹಲ್ಲು, ಬೇರು ಎರಡೂ ಗಟ್ಟಿಯಾಗೇ ಇವೆ. ಕೆಟ್ಟದ್ದನ್ನ ತೆಗೆದು, ಬೇರಿನ ಒಳಗೆ ತೊಳೆದು, ಔಷಧಿ ಇಟ್ಟು, ಆಮೇಲೆ ತುಂಬಿ ಮುಚ್ತೀನಿ. ರೂಟ್ ಕೆನಾಲ್ ಅಂದ್ರೆ ಅಷ್ಟೇ. ನೋವು ಹೋಗತ್ತೆ, ನಿಮ್ಮ ಹಲ್ಲು ನಿಮಗೇ ಉಳಿಯತ್ತೆ."

"ಓಲಗ ಊದಬಹುದಾ?"

"ಊತ ಇಳಿದು, ಚಿಕಿತ್ಸೆ ಮುಗೀಲಿ. ಆಮೇಲೆ ಊರೇ ಎದ್ದು ಕೂರೋ ಹಾಗೆ ಊದಿ."

ಖುನ್‌ಮು ಎದ್ದ. ಬಾಗಿಲಲ್ಲಿ ನಿಂತು ಮೆಲ್ಲಗೆ, "ನೀವೂ ಬರ್ತೀರಾ? ನಂಗೆ ಸೂಜಿ ಅಂದ್ರೆ ಆಗಲ್ಲ," ಎಂದ.

ಪೇರೊಂಗ್ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಒಳಗೆ ಹೋಗಿ ಕುರ್ಚಿಯ ಪಕ್ಕ ನಿಂತಳು. ಸೂಜಿ ಕೊಟ್ಟು, ತುಟಿ ಮರಗಟ್ಟಿದ ಮೇಲೆ ಡಾಕ್ಟರ್, "ನೋವಾದ್ರೆ ಎಡಗೈ ಎತ್ತಿ," ಎಂದು ಕೆಲಸ ಶುರು ಮಾಡಿದರು.

ಬಾಯಿ ತೆರೆದು ಮಲಗಿದ್ದ ಅವನನ್ನು ನೋಡಿ ಅವಳಿಗೆ ಧೈರ್ಯ ಬಂತು. "ಅವತ್ತು ಕೇಳಿದ್ನಲ್ಲ, ಅದಕ್ಕಿನ್ನೂ ಉತ್ತರ ಬಂದಿಲ್ಲ. ಹಬ್ಬ ಒಂದು ನೆಪ. ನೀವು ಯಾವಾಗ್ಲೂ ನಮ್ಮನೇಲೇ ಇರ್ಬೇಕು ಅಂತ ನನ್ನಾಸೆ."

ಎಡಗೈ ಎದ್ದಿತು. ಡಾಕ್ಟರ್ ತಟ್ಟನೆ ನಿಲ್ಲಿಸಿ, "ನೋವಾಯ್ತಾ?" ಎಂದರು.

ಅವನು ಇಲ್ಲವೆಂದು ಕಣ್ಣಲ್ಲೇ ಹೇಳಿದ. ಕೈ ಅವಳತ್ತ ಚಾಚಿತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆ ಕೈ ನನಗೆ ಬೇಕಿತ್ತು," ಎಂದರು ಡಾಕ್ಟರ್. "ಇನ್ನು ನೋವಾದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

"ನಾನು ಹೇಳ್ತೀನಿ," ಎಂದಳು ಪೇರೊಂಗ್. "ನಂಗೆ ಗೊತ್ತಾಗತ್ತೆ."