ರೇಷ್ಮಾಬಿಯ ಸುರೈಯಾ

ಮಗ್ಗ ಬರಿದಾಗಿತ್ತು. ಯಾರೋ ಕುಡುಗೋಲಿನಿಂದ ನೂಲು ಕೊಯ್ದಿದ್ದರು. ದಿಲ್ಲಿಯ ಪ್ರದರ್ಶನಕ್ಕೆಂದು ರೇಷ್ಮಾಬಿ ನೇಯುತ್ತಿದ್ದ, ಇನ್ನೇನು ಮುಗಿಯಲಿದ್ದ ಜಮಖಾನ ಮಾಯವಾಗಿತ್ತು.

೧೯೭೪ರ ಮೇ. ಪಂಚಾಂಗದ ಪ್ರಕಾರ ಕೃತ್ತಿಕಾ ಮಳೆ ನಡೆದಿತ್ತು. ನವಲಗುಂದದ ಎರೆ ಹೊಲ ಮಾತ್ರ ಇನ್ನೂ ಬಿರುಕು ಬಿಟ್ಟೇ ಇತ್ತು. ಪೊಲೀಸ್ ಠಾಣೆಯ ಫೌಜದಾರ ಕರಿಸಿದ್ದಪ್ಪ ಬೂಟು ಬಿಚ್ಚಿ ಒಳಗೆ ಬಂದರು.

"ಯಾರ ಮ್ಯಾಲರ ಸಂಶೆ ಐತೇನವಾ?"

ಪಕ್ಕದ ಮನೆಯ ತಿರಕಪ್ಪ ನಡುವೆ ಬಾಯಿ ಹಾಕಿದ. "ಅಕಿ ಏನ್ ಹೇಳ್ತಾಳ್ರಿ, ಅಕಿ ಮೈದುನನ ಕಳ್ಳ. ಹಜರತಅಲಿ ಸುರುಳಿ ಹೊತ್ಕೊಂಡು ಹೋಗೂದು ನಾನ ನೋಡೇನಿ."

"ಕತ್ತಲಾಗ?"

"ನಡುರಾತ್ರಿ ಅಂಗಳದಾಗ ಚುಕ್ಕಿ ನೋಡಕೋತ ಮಲಗಿದ್ನಿರಿ. ಕೃತ್ತಿಕಾ ನೆತ್ತಿ ಮ್ಯಾಲಿತ್ತು, ಅಗದಿ ನಿಚ್ಚಳ."

ಹಜರತಅಲಿ ಊರಲ್ಲಿರಲಿಲ್ಲ. 'ದಿಲ್ಲಿಗೆ ಬ್ಯಾಡ, ಹುಬ್ಬಳ್ಳ್ಯಾಗ ಮಾರೂಣು' ಎಂದು ಹಿಂದಿನ ದಿನವಷ್ಟೇ ಅತ್ತಿಗೆಯೊಡನೆ ಜಗಳವಾಡಿದ್ದ. ಮಧ್ಯಾಹ್ನ ಬಸ್ಸಿಳಿದವನನ್ನು ಠಾಣೆಗೆ ಒಯ್ದರು. ನೂಲು ತರಲು ಹೋಗಿದ್ದೆನೆಂದರೂ ಓಣಿ ನಂಬಲಿಲ್ಲ.

"ಸಾಯೂತನಕ ಅವ್ನ ಕಳ್ಳ ಅಂತಾರ್ರಿ," ಎಂದಳು ರೇಷ್ಮಾಬಿ.

\*

ಸಂಜೆ ಫೌಜದಾರರು ಮತ್ತೆ ಬಂದರು. "ಜಮಖಾನದಾಗ ಏನ್ ನೇದಿದ್ದಿ?"

"ಸುರೈಯಾ ರಿ. ಚುಕ್ಕಿ ಗೊಂಚಲು. ಅರಬಿ ಮಾತದು. ಸಿರಿ, ಬರಕತ್ತು ಅಂತ ಅರ್ಥ, ನಮ್ಮ ಮಾವ ಹೇಳ್ತಿದ್ರು. ನೀವು ಕೃತ್ತಿಕಾ ಅಂತೀರಲ್ಲ, ಅದ."

"ನಮ್ಮ ಜೋಯಿಸರು ಅದನ್ನ ಕೊಯ್ಯೂ ಕತ್ತಿ ಅಂತಾರ. ನಿಮಗ ಸಿರಿ, ನಮಗ ಕತ್ತಿ!"

"ಕತ್ತಿ ಆಡಸಲಾರದ ರಾಶಿ ಹೆಂಗ ಬರ್ತೈತ್ರಿ ಸಾಹೇಬ್ರ?"

ಫೌಜದಾರರು ನಕ್ಕರು. "ವರ್ಷಪೂರ್ತಿ ಇದನ್ನ ನೇಯ್ತೀಯೇನು?"

"ಇಲ್ರಿ. ಸುರೈಯಾ ಮುಗಲದಾಗ ಕಾಣಲಾರದ ದಿನದಾಗಷ್ಟ ಮಗ್ಗಕ್ಕ ಏರಸ್ತೀವಿ. ಅಲ್ಲಿ ಇಲ್ಲದ್ದು ಮನ್ಯಾಗರ ಇರ್ಲಿ ಅಂತ. ನಮ್ಮತ್ತಿ ಹಾಕಿದ ಪದ್ಧತಿ."

"ಹಂಗಾರ ಈಗ ಕಾಣೂದಿಲ್ಲ?"

"ಎಲ್ಲೀದ್ರಿ! ಇನ್ನ ಮುಂದಿನ ತಿಂಗಳ ಮಿರಗದ ಮಳಿ ಹೊತ್ತಿಗೆ, ನಸುಕಿನ್ಯಾಗ."

ಕರಿಸಿದ್ದಪ್ಪ ಎದ್ದು ನೇರ ತಿರಕಪ್ಪನ ಹಿತ್ತಲಿಗೆ ನಡೆದರು.

\*

ಮೇವಿನ ಬಣವೆಯ ಬುಡದಲ್ಲಿ ಜಮಖಾನ ಸಿಕ್ಕಿತು. ಓಣಿಯೆಲ್ಲ ನೆರೆದಿತ್ತು.

"ಲೇ ತಿರಕಪ್ಪ, ಕೃತ್ತಿಕಾ ಮಳಿ ಅಂದ್ರೇನು? ಸೂರ್ಯ ಆ ಚುಕ್ಕಿ ಬಾಜೂಕ ಕುಂತಾನ ಅಂತ. ಅವ್ನ ಬೆಳಕಿನಾಗ ಅದು ಮುಳುಗಿ ಹೋಗಿರತೈತಿ. ನಿನ್ನ ನೆತ್ತಿ ಮ್ಯಾಲ ಹೆಂಗ ಬಂತು?"

"ಮಳಿ ನಡದೈತಿ, ಚುಕ್ಕಿನೂ ಇರತೈತಿ ಅನ್ಕೊಂಡ್ನಿರಿ..."

"ಮುಗಲು ನೋಡಲಿಲ್ಲ ಅಂದ್ರ ನೀ ಹಜರತಅಲಿನ್ನೂ ನೋಡಿಲ್ಲ. ನೀ ನೋಡಲಾರದವನ ಹೆಸರು ಯಾಕ ಹೇಳಿದಿ? ಅದಕ್ಕ ನಿನ್ನ ಬಣವಿ ಹುಡುಕಿದ್ನಿ."

ತಿರಕಪ್ಪ ಒಪ್ಪಿಕೊಂಡ. ರೇಷ್ಮಾಬಿ ಕೊಡಲೊಲ್ಲದ ಆ ಮಾದರಿಯನ್ನು ಹುಬ್ಬಳ್ಳಿಯ ವ್ಯಾಪಾರಿಯೊಬ್ಬನಿಗೆ ತಂದುಕೊಡುವ ಮಾತು ಕೊಟ್ಟಿದ್ದ. ಗೋಡೆಯಾಚೆಯ ಜಗಳ ಕೇಳಿ ತಪ್ಪನ್ನು ಹಜರತಅಲಿಯ ತಲೆಗೆ ಕಟ್ಟಿದ್ದ.

ಬಿಡುಗಡೆಯಾದ ಹಜರತಅಲಿ ಬಂದು ಅತ್ತಿಗೆಯ ಪಕ್ಕ ನಿಂತ. ಪಂಚನಾಮೆ ಬರೆಯುತ್ತಿದ್ದ ಕರಿಸಿದ್ದಪ್ಪ ತಲೆ ಎತ್ತಿದರು.

"ಜಮಖಾನದ ಚುಕ್ಕಿಗೆ ಯಾವ ಹೆಸರು ಬರೀಲಿ? ಸುರೈಯಾನೋ, ಕೃತ್ತಿಕಾನೋ?"

ರೇಷ್ಮಾಬಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಂತಳು.

"ಎರಡೂ ಬರೀರಿ. ಪ್ರದರ್ಶನದ ಚೀಟಿ ಮ್ಯಾಲೂ ಎರಡೂ ಹಾಕಸ್ತೀನಿ. ನವಲಗುಂದದ ಹೆಣಮಕ್ಕಳು ಎಂಥಾ ಮುಗಲು ನೇಯ್ತಾರ, ದಿಲ್ಲಿ ಮಂದಿಗೂ ತಿಳೀಲಿ."