ಎಣ್ಣೆ ಹಾಕಿದ್ದು ನಾನು

ಕೀಈಈಈಚ್!

ಗ್ಯಾರೇಜಿನ ಬಾಗಿಲಲ್ಲಿ ಆ ಎರಡು ಸೀಟಿನ ಸ್ಪೋರ್ಟ್ಸ್ ಕಾರು ನಿಂತಾಗ ಒಳಗಿದ್ದವರೆಲ್ಲ ಹಲ್ಲು ಕಚ್ಚಿದರು. ಒಬ್ಬನನ್ನು ಬಿಟ್ಟು. ಅವನು ಬೇರೊಂದು ಕಾರಿನ ಚಕ್ರದ ಸಂದಿಯಲ್ಲಿ ತಲೆ ತೂರಿಸಿಕೊಂಡೇ ಕೇಳಿದ:

“ರೇಸ್ ಕಾರಿನ ಬ್ರೇಕ್ ಪ್ಯಾಡ್! ಯಾವ ಪುಣ್ಯಾತ್ಮ ಹಾಕಿಸಿದ್ದು?”

“ನಮ್ಮಣ್ಣ,” ಎಂದಳು ಅವಳು, ಕಾರಿನಿಂದ ಇಳಿಯುತ್ತ. “ಅವಳಿ ಮಕ್ಕಳು ಹುಟ್ಟಿದ್ಮೇಲೆ ಎರಡು ಸೀಟಲ್ಲಿ ನಾಲ್ಕು ಜನ ಹೇಗೆ ಕೂರೋದು ಅಂತ ಕಾರು ನನಗೆ ಕೊಟ್ಟ. ಶಬ್ದನೂ ಜೊತೆಗೇ ಕೊಟ್ಟ!”

ಅವನು ತಲೆ ಹೊರಗೆ ತೆಗೆದು ನಕ್ಕ.

ಅವಳ ಎದೆಯೇನೂ ಝಲ್ಲೆನ್ನಲಿಲ್ಲ. ಅವನ ಮೂಗಿನ ತುದಿಯ ಮಸಿಯನ್ನು ಒರೆಸಿಬಿಡೋಣ ಅನ್ನಿಸಿತು, ಅಷ್ಟೇ. ಹಾಗನ್ನಿಸಿದ್ದಕ್ಕೆ ಮಾತ್ರ ಕಿವಿ ಬಿಸಿಯಾಯಿತು.

“ರೇಸಿಗೆ ಹೋಗ್ತೀರಾ?”

“ಕ್ಲಿನಿಕ್ಕಿಗೆ ಹೋಗ್ತೀನಿ. ಜನರ ಕಿವಿ ಪರೀಕ್ಷೆ ಮಾಡೋದು ನನ್ನ ಕೆಲಸ. ದಿನಾ ಬೆಳಿಗ್ಗೆ ಇದು ಕೂಗಿದ್ರೆ ನನ್ನ ಕಿವಿಯನ್ನ ಯಾರು ನೋಡ್ತಾರೆ ಹೇಳಿ!”

ಅವನು ಮೂರು ಪ್ಯಾಡುಗಳನ್ನು ಮೇಜಿನ ಮೇಲಿಟ್ಟ. “ಇದು ಲೋಹದ್ದು. ಬಾಳಿಕೆ ಜಾಸ್ತಿ, ಬಾಯಿನೂ ಜಾಸ್ತಿ. ಇದು ಮೆತ್ತಗಿನದು. ಸದ್ದೇ ಇಲ್ಲ, ಆದ್ರೆ ನಿಮ್ಮ ಕಾರಿನ ವೇಗಕ್ಕೆ ಬೇಗ ಸವೆದುಹೋಗುತ್ತೆ. ಇದು ಸೆರಾಮಿಕ್. ಸದ್ದೂ ಕಮ್ಮಿ, ವರ್ಷಗಟ್ಟಲೆ ಬರುತ್ತೆ, ಚಕ್ರಕ್ಕೆ ಕಪ್ಪು ಪುಡಿ ಹಿಡಿಯಲ್ಲ. ರೇಸ್ ಪ್ಯಾಡಿನ ಹಾಗೆ ಬಿಸಿಯಾಗೋವರೆಗೂ ಕಾಯಲ್ಲ, ತಣ್ಣಗಿದ್ದಾಗಲೇ ಹಿಡಿಯುತ್ತೆ. ದಿನಾ ಓಡಿಸೋರಿಗೆ ಇದೇ ಸರಿ.”

“ಒಂದು ಚೂರೂ ಸದ್ದು ಬರಲ್ವಾ?”

“ತೇವ ಇರೋ ಬೆಳಿಗ್ಗೆ ಮೊದಲ ಎರಡು ಸಲ ಸ್ವಲ್ಪ ಗೊಣಗಬಹುದು. ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂತಿರುತ್ತೆ. ತಾನಾಗೇ ಹೋಗುತ್ತೆ. ತಲೆ ಕೆಡಿಸ್ಕೋಬೇಡಿ.”

ತಲೆ ಕೆಡಿಸಿಕೊಳ್ಳದೆ ಇರುವುದು ಅವಳ ಜಾಯಮಾನವೇ ಅಲ್ಲ.

ಹೊಸ ಪ್ಯಾಡನ್ನು ಪಳಗಿಸಬೇಕು ಎಂದು ಅವನೇ ಪಕ್ಕದಲ್ಲಿ ಕೂತು ಖಾಲಿ ರಸ್ತೆಗೆ ಕರೆದೊಯ್ದ. ವೇಗವನ್ನು ಅರವತ್ತಕ್ಕೆ ಏರಿಸಿ, ಹತ್ತಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸಬೇಕು. ಹತ್ತು ಸಲ ಸಾಕಿತ್ತು. ಹದಿನಾಲ್ಕು ಸಲ ಮಾಡಿದರು. ಜಾಸ್ತಿಯಾದದ್ದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಆಮೇಲೆ ಪ್ರತಿ ಶನಿವಾರ ಮಧ್ಯಾಹ್ನ ‘ಬ್ರೇಕ್ ನೋಡಿಸೋಕೆ’ ಅವಳು ಬರತೊಡಗಿದಳು. ನೋಡಲು ಏನೂ ಇರುತ್ತಿರಲಿಲ್ಲ. ಚಹಾ ಮಾತ್ರ ಇರುತ್ತಿತ್ತು.

“ಬ್ರೇಕಣ್ಣ, ನಿನ್ನ ಪೇಶೆಂಟ್ ಬಂದ್ರು ನೋಡು,” ಎಂದು ಗ್ಯಾರೇಜಿನ ಯಜಮಾನಿ ಕೂಗುತ್ತಿದ್ದಳು. “ಕಾಯಿಲೆ ಕಾರಿಗಂತೂ ಅಲ್ಲ!”

ಐದನೆಯ ಶನಿವಾರ ಅವನು ನಿಜವಾಗಿಯೇ ಚಕ್ರ ಬಿಚ್ಚಿ, ಬ್ರೇಕಿನ ಪಿನ್ನುಗಳಿಗೆ ಗ್ರೀಸ್ ಹಾಕಿದ.

ಅದಾದ ಸೋಮವಾರ ಅಣ್ಣ ಅವಳ ಕಾರಿನಲ್ಲೇ ಆಫೀಸಿಗೆ ಹೊರಡುವವನಿದ್ದ. ಅವನಿಗೆ ತಂಗಿಯ ಗುಟ್ಟು ಅರ್ಧ ಗೊತ್ತಾಗಿತ್ತು.

“ಬ್ರೇಕಣ್ಣ, ಬ್ರೇಕಣ್ಣ ಅಂತ ಕುಣೀತೀಯಲ್ಲ ಪುಟ್ಟಿ, ಅವನ ಕೆಲಸ ಎಷ್ಟು ಚೆನ್ನಾಗಿದೆ ನೋಡೇಬಿಡ್ತೀನಿ. ಒಂದು ಸಲ ಕೀಚ್ ಅಂದ್ರೂ ಅವನಿಗೆ ಸೊನ್ನೆ!”

ಹಿಂದಿನ ದಿನವೆಲ್ಲ ಮಳೆ, ಎಲ್ಲೆಡೆ ತೇವ. ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆದಾಗ ಸಣ್ಣಗೆ, ಬೇರೆಯವರಿಗೆ ಕೇಳಿಸದಷ್ಟು ಸಣ್ಣಗೆ, ಬ್ರೇಕು ಗೊಣಗಿತು.

ಅಯ್ಯೋ… ಇವತ್ತೇ ಕೂಗಬೇಕಾ? ಅಣ್ಣ ಜನ್ಮವಿಡೀ ಆಡಿಕೊಳ್ತಾನೆ…

ಶೆಡ್ಡಿನ ಗೂಡಿನಲ್ಲಿ ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಇತ್ತು. ಬಾಗಿಲ ಕಿರುಗುಟ್ಟುವಿಕೆ ಅದರಿಂದಲೇ ನಿಂತಿತ್ತಲ್ಲ? ಅಣ್ಣ ಇನ್ನೂ ಒಳಗೆ ಶೂ ಹಾಕುತ್ತಿದ್ದ. ಅವಳು ಬಗ್ಗಿ, ಮುಂದಿನ ಎರಡೂ ಚಕ್ರಗಳ ಸಂದಿಯಿಂದ ಬ್ರೇಕಿನ ಮೇಲೆ ಎರಡೆರಡು ಸಲ ಹೊಡೆದಳು.

ಸದ್ದು ಹೋಯಿತು. ಬ್ರೇಕೂ ಹೋಯಿತು.

ಮೊದಲ ಸಿಗ್ನಲ್ಲಿನಲ್ಲಿ ಅವಳು ಪೆಡಲ್ ತುಳಿದೇ ತುಳಿದಳು. ಕಾರು ನುಣ್ಣಗೆ ಜಾರಿ ಎದುರು ನಿಂತಿದ್ದ ಲಾರಿಗೆ ಗುದ್ದಿತು. ವೇಗ ಹೆಚ್ಚಿರಲಿಲ್ಲ. ಆದರೆ ಅಣ್ಣ ಡ್ಯಾಶ್‌ಬೋರ್ಡಿಗೆ ಕೈ ಊರಿದ್ದ. ಮಣಿಕಟ್ಟು ಮುರಿಯಿತು.

ಹತ್ತಿರದ ಬೇರೊಂದು ವರ್ಕ್‌ಶಾಪಿನವನು ಚಕ್ರ ಬಿಚ್ಚಿ, “ಪ್ಯಾಡೆಲ್ಲ ಎಣ್ಣೆ!” ಎಂದ.

“ಶನಿವಾರ ಗ್ರೀಸ್ ಹಾಕಿದ್ದು ಅವನೇ ಅಲ್ವಾ?” ಅಣ್ಣ ಆಸ್ಪತ್ರೆಯ ಮಂಚದ ಮೇಲಿಂದಲೇ ಗುಡುಗಿದ. “ಕೊಳಕು ಕೈಯಲ್ಲಿ ಪ್ಯಾಡ್ ಮುಟ್ಟಿದ್ದಾನೆ! ಹೇಳು ಪುಟ್ಟಿ, ಅವನೇ ತಾನೇ?”

ಅವಳು ಬಾಯಿ ತೆರೆದಳು. ಅಮ್ಮ ಅಳುತ್ತಿದ್ದಳು. ಅತ್ತಿಗೆಯ ಎರಡೂ ಕಂಕುಳಲ್ಲಿ ಒಂದೊಂದು ಮಗು ಚೀರುತ್ತಿತ್ತು. ನಾಳೆ ಹೇಳೋಣ ಎಂದು ಬಾಯಿ ಮುಚ್ಚಿದಳು.

ಮರುದಿನ ಅಣ್ಣ ಗ್ಯಾರೇಜಿಗೆ ಹೋಗಿ ಕೂಗಾಡಿ ಬಂದ. ಯಜಮಾನಿ ನಾಲ್ಕು ಜನರೆದುರೇ ಬ್ರೇಕಣ್ಣನನ್ನು ಕೆಲಸದಿಂದ ತೆಗೆದಳು.

ಹತ್ತು ದಿನ ಅವಳು ಅನ್ನ ತಿಂದಳು, ಕ್ಲಿನಿಕ್ಕಿಗೆ ಹೋದಳು, ಜೋಕುಗಳಿಗೆ ನಕ್ಕಳು. ತಪ್ಪು ಮಾಡಿದವರಿಗೆ ಊಟ ಸೇರುವುದಿಲ್ಲ ಅನ್ನುತ್ತಾರೆ. ಸುಳ್ಳು. ಚೆನ್ನಾಗಿಯೇ ಸೇರುತ್ತದೆ. ಕೈ ತೊಳೆಯುವಾಗ ಮಾತ್ರ ಅವಳು ಬೆರಳುಗಳನ್ನು ಮೂಸಿ ನೋಡಿಕೊಳ್ಳುತ್ತಿದ್ದಳು. ಎಣ್ಣೆಯ ವಾಸನೆ…

ಹನ್ನೊಂದನೆಯ ದಿನ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಅವನೇ ಬಂದ. ಕೈಯಲ್ಲಿ ಒಂದು ಕಾರ್ಖಾನೆಯ ಫಾರ್ಮು.

“ಹೊಸ ಕೆಲಸಕ್ಕೆ ಕಿವಿ ಸರ್ಟಿಫಿಕೇಟ್ ಬೇಕಂತೆ. ನೀವೇ ಮಾಡ್ಬೇಕಾ, ಬೇರೆ ಯಾರಾದ್ರೂ ಇದ್ದಾರಾ?”

“ನಾನೊಬ್ಬಳೇ ಇರೋದು…”

ಅವನು ಗಾಜಿನ ಕೋಣೆಯೊಳಗೆ ಕೂತು ಹೆಡ್‌ಫೋನ್ ಹಾಕಿಕೊಂಡ. ಅವಳು ಹೊರಗಿನ ಮೈಕಿನ ಮುಂದೆ ಕೂತಳು.

“ನಿಮ್ಮಣ್ಣನ ಕೈ ಹೇಗಿದೆ?” ಅವನು ಒಳಗಿನಿಂದ ಕೇಳಿದ.

“ಪ್ಲಾಸ್ಟರ್ ಇದೆ.”

“ನಾನು ಬರಬೇಕು ಅಂದ್ಕೊಂಡೆ. ಮುಖ ತೋರಿಸೋ ಧೈರ್ಯ ಬರಲಿಲ್ಲ.” ಅವನು ಅಂಗೈ ನೋಡಿಕೊಂಡ. “ಪಿನ್ನಿಗೆ ಗ್ರೀಸ್ ಹಾಕಿದ್ಮೇಲೆ ಕೈ ಒರೆಸಿಕೊಂಡೆ ಅಂತ ಅನ್ಸುತ್ತೆ. ಆದ್ರೆ ಎಷ್ಟು ಯೋಚಿಸಿದ್ರೂ ಖಚಿತ ಆಗ್ತಿಲ್ಲ. ಇನ್ನು ಬ್ರೇಕ್ ಮುಟ್ಟಲ್ಲ. ಅಲ್ಲಿ ಡಬ್ಬ ಕಟ್ಟೋ ಕೆಲಸ. ಅದರಿಂದ ಯಾರ ಕೈಯೂ ಮುರಿಯಲ್ಲ.”

ಅವಳು ಅಂದುಕೊಂಡಿದ್ದೇ ಬೇರೆ. ಅವನು ತನ್ನನ್ನು ಶಪಿಸುತ್ತಿರಬಹುದು ಅಂದುಕೊಂಡಿದ್ದಳು. ಅವನು ತನ್ನನ್ನೇ ಶಪಿಸಿಕೊಳ್ಳುತ್ತಿದ್ದ! ಅವಳು ಮಾಡಿದ ತಪ್ಪನ್ನು ಹನ್ನೊಂದು ದಿನ ಅವನು ಹೊತ್ತು ತಿರುಗಿದ್ದ…

ಅವಳು ಮೈಕಿನ ಗುಂಡಿ ಒತ್ತಿದಳು.

“ಎಣ್ಣೆ ಹಾಕಿದ್ದು ನಾನು.”

ಅವನು ತಲೆಯೆತ್ತಿದ.

“ಬಾಗಿಲ ಕೀಲಿಗೆ ಹಾಕೋ ಸ್ಪ್ರೇ. ಅವತ್ತು ಬೆಳಿಗ್ಗೆ ಹೊಡೆದೆ. ಅಣ್ಣ ನಿಮ್ಮನ್ನ ಗೇಲಿ ಮಾಡಬಾರದು ಅಂತ… ನಿಮ್ಮ ಕೈ ಶುಚಿಯಾಗೇ ಇತ್ತು.”

ಅವನು ಹೆಡ್‌ಫೋನನ್ನು ಸರಿಯಾಗಿ ಕೂರಿಸಿಕೊಂಡ. ಆಮೇಲೆ, “ಪರೀಕ್ಷೆ ಮುಗಿಸಿ,” ಎಂದ.

ಮುಗಿಸಿದಳು. ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ.

ಹೊರಡುವಾಗ ಬಾಗಿಲ ಬಳಿ ನಿಂತು ಹೇಳಿದ: “ನನಗೆ ಹೇಳಿ ನೀವು ಹಗುರ ಆದ್ರಿ. ನನ್ನನ್ನ ನಾಲ್ಕು ಜನರೆದುರು ಹೊರಗೆ ಕಳಿಸಿದ್ರು.”

ಮರುದಿನ ಮಧ್ಯಾಹ್ನ ಅವಳು ಅಣ್ಣನನ್ನು ಕರೆದುಕೊಂಡು ಗ್ಯಾರೇಜಿಗೆ ಹೋದಳು. ಏಕೆಂದು ಹೇಳಿರಲಿಲ್ಲ. ಎಲ್ಲರೂ ಊಟದ ಡಬ್ಬಿ ಬಿಚ್ಚಿ ಕೂತಿದ್ದರು. ಅವಳು ನಡುವೆ ನಿಂತು ನಡೆದದ್ದೆಲ್ಲ ಹೇಳಿದಳು.

ಯಾರೂ ಅಗಿಯಲಿಲ್ಲ.

“ಬ್ರೇಕಿಗೆ ಎಣ್ಣೆ ಹಾಕಿದ್ಯಾ ತಾಯಿ?” ಯಜಮಾನಿಯ ದನಿ ಒಡೆಯಿತು. “ಏಳು ವರ್ಷ ಜೊತೆಗಿದ್ದೋನನ್ನ ನಾನು ಒಂದು ಮಾತೂ ಕೇಳದೆ ಕಳಿಸಿಬಿಟ್ಟೆನಲ್ಲ!”

ಅಣ್ಣ ತನ್ನ ಪ್ಲಾಸ್ಟರ್ ಕೈಯನ್ನೇ ನೋಡುತ್ತ ನಿಂತಿದ್ದ. “ಪುಟ್ಟಿ, ಕೈ ಮುರಿದದ್ದಕ್ಕೆ ಕೋಪ ಇಲ್ಲ ಕಣೇ. ನನ್ನ ಬಾಯಿಂದ ಅಷ್ಟು ಕೆಟ್ಟ ಮಾತು ಆಡಿಸಿದೆಯಲ್ಲ… ಅವನ ಮನೆ ಎಲ್ಲಿ? ನಾನೂ ಹೋಗಿ ಕ್ಷಮೆ ಕೇಳ್ಬೇಕು.”

ಅವನು ಕೆಲಸಕ್ಕೆ ಮರಳಿದ. ಅವಳಿಗೆ ಮಾತ್ರ ಒಂದು ಫೋನೂ ಬರಲಿಲ್ಲ. ಒಂದು ವಾರ. ಎರಡು ವಾರ. ಕ್ಷಮೆ ಕೇಳಿದ ಮೇಲೂ ಕ್ಷಮೆ ಸಿಗದೇ ಇರಬಹುದು ಎಂದು ಅವಳಿಗೆ ಆಗ ತಿಳಿಯಿತು. ಅವಳು ಬಸ್ಸಿನಲ್ಲಿ ಓಡಾಡಿದಳು.

ಮೂರನೆಯ ಶನಿವಾರ ಯಜಮಾನಿ ಫೋನ್ ಮಾಡಿ ಕರೆದಳು. “ನಿನ್ನ ಕಾರನ್ನ ಇಲ್ಲಿಗೆ ತರಿಸಿದ್ದಾನೆ. ಬಾ.”

ಅವನು ಮುಂದಿನ ಚಕ್ರದ ಮುಂದೆ ಕೂತಿದ್ದ. ಎಣ್ಣೆ ಹಿಡಿದ ಪ್ಯಾಡನ್ನು ಕಸದ ಡಬ್ಬಕ್ಕೆ ಎಸೆದ.

“ತೊಳೆದ್ರೆ ಆಗಲ್ವಾ?” ಎಂದಳು, ಏನಾದರೂ ಮಾತಾಡಬೇಕಲ್ಲ ಎಂದು.

“ಒಂದು ಸಲ ಎಣ್ಣೆ ಕುಡಿದ್ರೆ ಮುಗೀತು. ಬಿಸಾಕಬೇಕು.”

ಅವಳ ಕಣ್ಣು ತುಂಬಿತು. “ಇದು ಪ್ಯಾಡಿನ ಬಗ್ಗೆನಾ, ನನ್ನ ಬಗ್ಗೆನಾ?”

“ಪ್ಯಾಡಿನ ಬಗ್ಗೆ. ನಿಮ್ಮ ಬಗ್ಗೆ ಹೇಳೋದಿದ್ರೆ ನೇರವಾಗೇ ಹೇಳ್ತೀನಿ.”

“ಹಾಗಾದ್ರೆ… ಹೇಳಿ.”

ಅವನು ಎದ್ದು, ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

“ಕೋಪ ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ. ಆ ಹನ್ನೊಂದು ದಿನ ನಾನು ನನ್ನ ಕೈಗಳನ್ನೇ ನಂಬಲಿಲ್ಲ. ಅದನ್ನ ನೀವು ವಾಪಸ್ ಕೊಡೋಕಾಗಲ್ಲ.”

“ಗೊತ್ತು.”

“ಆದ್ರೆ ಅವತ್ತು ಡಬ್ಬಿ ಬಿಚ್ಚಿದ್ದೋರ ಮಧ್ಯೆ ನಿಂತ್ಕೊಂಡು ಹೇಳಿದ್ರಂತೆ. ನನ್ನಿಂದ ಆಗ್ತಿರಲಿಲ್ಲ ಅನ್ಸುತ್ತೆ.” ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. “ಹದಿನೈದು ದಿನದಿಂದ ನಿಮ್ಮನ್ನ ಕಾಣದೇ ಇದ್ದದ್ದು… ಅದು ಕೋಪಕ್ಕಿಂತ ಕಷ್ಟ ಆಯ್ತು. ನನಗೆ ನೀವು ಬೇಕು.”

ಅವಳು ಅತ್ತಳು. ಚೆಂದವಾಗಿ ಅಲ್ಲ, ಮೂಗು ಸೋರುವಂತೆ.

“ನಿಮ್ಮ ಕೋಪ ಇಳಿಯೋವರೆಗೂ ನಾನು ಇಲ್ಲೇ ಇರ್ತೀನಿ,” ಎಂದಳು.

“ಇಳಿದ್ಮೇಲೆ?”

“ಆಗಲೂ ಇರ್ತೀನಿ.”

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು.